ಹೆಸರಿಡುವ ಮುನ್ನ

ಪಾಪಿರೆಡ್ಡಿಪಟ್ಟಿಯಂತಹ ಒಳನಾಡಿನ ಕನ್ನಡ ವಿದ್ಯಾರ್ಥಿಯು ಕಡಲೂರಿನ ತೀರದಲ್ಲಿ ಹೆಬ್ಬೆರಳುದ್ದದ, ಬಾಹುಗಳುಳ್ಳ ಜೀವಿಯೊಂದನ್ನು ಕಂಡರೆ, ಪುಸ್ತಕದಲ್ಲಿ ಓದಿದ ‘ಅಷ್ಟಪದಿ’ ಎಂಬ ಹೆಸರೇ ಮೊದಲು ನಾಲಿಗೆಗೆ ಬರುವುದು ಸಹಜ. ಆದರೆ ತಮಿಳು ಮೀನುಗಾರರು ಕಣವಾಯ್, ಊಸಿ ಕಣವಾಯ್, ಪೇಯ್ ಕಣವಾಯ್ ಎಂದು ಮೂರು ಬಗೆ ಎಣಿಸುತ್ತಾರೆ. ಮೊದಲನೆಯದರೊಳಗೆ ಸಮುದ್ರಫೇನವೆಂಬ ಬಿಳಿಯ ಚಿಪ್ಪುಂಟು. ಎರಡನೆಯದು, ಕನ್ನಡ ಕರಾವಳಿಯ ಬೊಂಡಾಸ್, ಒಳಗೆ ತೆಳ್ಳನೆಯ ಪಾರದರ್ಶಕ ಕಡ್ಡಿಯುಳ್ಳದ್ದು. ಇವೆರಡಕ್ಕೂ ಹತ್ತು ಬಾಹುಗಳು. ಮೂರನೆಯದೇ ಎಂಟು ಬಾಹುಗಳ ಅಷ್ಟಪದಿ. ನೀಳವಾದ ಎರಡು ಬಾಹುಗಳನ್ನು ಒಳಗೆಳೆದುಕೊಂಡ ಕಣವಾಯಿಗೂ ಎಂಟೇ ಇರುವಂತೆ ತೋರುತ್ತದೆ. ಆಗ ಒಡಲಂಚಿನ ಈಜುರೆಕ್ಕೆಯೇ ಗುರುತು. ನೀಲಿಯುಂಗುರದ ಪುಟ್ಟ ಅಷ್ಟಪದಿಯ ಕಡಿತವು ಪ್ರಾಣಾಂತಕವಾಗಬಲ್ಲುದು. ಆದುದರಿಂದ ಮುಟ್ಟದೆಯೇ ನೋಡಬೇಕು. ಗೊತ್ತಿರುವ ಹೆಸರನ್ನು ಹೊರಿಸುವ ಮುನ್ನ ತೀರದವರನ್ನು ಕೇಳುವುದು ಭಾಷಾವಿದ್ಯಾರ್ಥಿಗೆ ತಕ್ಕ ವಿನಯ.