ಗುಳ್ಳೆ ನಿಂತರೆ ಸಾಲದು

ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಲೈಸೆನ್ಸನ್ನು ಬ್ರಿಟನ್ನಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಅಂಥದೇ ಬಾಗಿಲು ತೆರೆಯಿತು. ಅಲ್ಲಿಂದೀಚೆಗೆ ಆ ದೇಶಗಳಲ್ಲಿ ಇದು ಅಡುಗೆಮನೆಯ ಹವ್ಯಾಸ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಹಾಗೆ ಮಾಡುವಂತಿಲ್ಲ, ಆ ಮಾತು ಬೇರೆ. ನನ್ನ ತಕರಾರು ಹವ್ಯಾಸದ ಮೇಲಲ್ಲ. ಹೊಸಬರ ಕೈಗೆ ಸಿಗುವ ಕಿಟ್‌ಗಳಲ್ಲಿ ಮತ್ತೆಮತ್ತೆ ಕಾಣುವ ಒಂದು ಸೂಚನೆಯ ಮೇಲೆ. ಇಷ್ಟು ದಿನ ಹುದುಗಲು ಬಿಡಿ, ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಿ ಎನ್ನುತ್ತದೆ ಅದು. ದಿನದ ಲೆಕ್ಕವೂ ನಂಬುವಂಥದ್ದಲ್ಲ, ಗುಳ್ಳೆಯ ಸಾಕ್ಷಿಯೂ ನಂಬುವಂಥದ್ದಲ್ಲ.

ಹುದುಗುವ ಪಾತ್ರೆಯ ಮುಚ್ಚಳಕ್ಕೆ ಸಿಕ್ಕಿಸುವ ಏರ್‌ಲಾಕ್ ಹೇಳುವುದು ಒಂದೇ ಸಂಗತಿ: ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದೆ. ಆ ಒತ್ತಡ ಯೀಸ್ಟಿನಿಂದಲೇ ಬರಬೇಕೆಂದಿಲ್ಲ. ಕೋಣೆ ತುಸು ಬೆಚ್ಚಗಾದರೆ ಬಿಯರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ತಾನಾಗಿ ಹೊರಬಿದ್ದು, ಕೆಲಸ ಮುಗಿದ ಪಾತ್ರೆಯೂ ಬುಳುಬುಳು ಎನ್ನುತ್ತದೆ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯ ಸಂದಿಯಿದ್ದರೂ ಸಾಕು, ಒಳಗೆ ಹುದುಗುವಿಕೆ ಭರದಿಂದ ಸಾಗಿರುವಾಗಲೇ ಏರ್‌ಲಾಕ್ ಮೌನವಾಗಿ ಕುಳಿತಿರುತ್ತದೆ. ಇನ್ನು ದಿನಗಳ ಲೆಕ್ಕ. ಯೀಸ್ಟ್ ಎಷ್ಟು ಹಾಕಿದಿರಿ, ಅದು ಹಳೆಯದೋ ಹೊಸದೋ, ಕೋಣೆ 16 ಡಿಗ್ರಿಯಲ್ಲಿತ್ತೋ 22ರಲ್ಲಿತ್ತೋ ಎಂಬುದೇನೂ ತಿಳಿಯದೆ ಕಿಟ್ ಮಾಡಿದವರು ಏಳು ದಿನ, ಹದಿನಾಲ್ಕು ದಿನ ಎಂದು ಅಚ್ಚು ಹಾಕುವುದು ಪಂಚಾಂಗ ನೋಡಿ ಜ್ವರ ಅಳೆದ ಹಾಗೆ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಬಿಯರಿಗೆ ನೊರೆ ಬರಲೆಂದು ಬಾಟಲಿ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಬೆರೆಸುವುದು ರೂಢಿ. ಆಗ ಒಂದು ಲೀಟರ್ ಬಿಯರಿನಲ್ಲಿ, ಮೊದಲೇ ಕರಗಿದ್ದದ್ದೂ ಸೇರಿ, ಎರಡೂವರೆ ಲೀಟರಿನ ಆಸುಪಾಸು ಅನಿಲ ಅಡಗಿರುತ್ತದೆ. ಸಾಮಾನ್ಯ ಬಿಯರ್ ಬಾಟಲಿ ಇದನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ಮೂರು ಲೀಟರ್ ದಾಟಿದ ಮೇಲೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಈಗ ಸಾಂದ್ರತೆ 1.012ಕ್ಕೆ ಇಳಿದು ನಿಲ್ಲಬೇಕಿದ್ದ ಬಿಯರನ್ನು 1.016ರಲ್ಲೇ ತುಂಬಿದಿರಿ ಎನ್ನಿ. ಉಳಿದ ಆ ನಾಲ್ಕು ಅಂಶದ ಸಕ್ಕರೆಯನ್ನು ಯೀಸ್ಟ್ ಮುಚ್ಚಿದ ಬಾಟಲಿಯೊಳಗೇ ತಿಂದು ಮುಗಿಸುತ್ತದೆ, ಲೀಟರಿಗೆ ಇನ್ನೂ ಸುಮಾರು ಎರಡು ಲೀಟರ್ ಅನಿಲ ಸೇರುತ್ತದೆ. 1.012 ಮತ್ತು 1.016ರ ನಡುವಣ ವ್ಯತ್ಯಾಸವನ್ನು ಯಾವ ಕಣ್ಣೂ ಕಾಣಲಾರದು, ನಾಲಿಗೆಯೂ ಖಚಿತವಾಗಿ ಹೇಳಲಾರದು. ಆದರೆ ಗಾಜು ಅದನ್ನು ಗುರುತಿಸುತ್ತದೆ, ಸಿಡಿಯುವ ಮೂಲಕ.

ಆ ವ್ಯತ್ಯಾಸವನ್ನು ಹೇಳಬಲ್ಲದ್ದು ಹೈಡ್ರೋಮೀಟರ್. ಊರಿನ ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವುದನ್ನು ಕಂಡವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಎರಡೂ ಒಂದೇ ಮನೆತನದವು. ನೀರಿನಲ್ಲಿ ಇದು 1.000 ತೋರಿಸುತ್ತದೆ, ಮಾಲ್ಟಿನ ಸಿಹಿರಸದಲ್ಲಿ 1.050ರಷ್ಟು. ಸಕ್ಕರೆ ಕಡಿಮೆಯಾಗುತ್ತ, ನೀರಿಗಿಂತ ಹಗುರಾದ ಆಲ್ಕೊಹಾಲ್ ಕೂಡುತ್ತ ಬಂದಂತೆ ಅಂಕಿ ಇಳಿಯುತ್ತದೆ. ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲೇ ಬಿಯರ್ ತಯಾರಿಕೆಗೆ ಈ ಉಪಕರಣವನ್ನು ಬಳಸುವ ಬಗೆಯನ್ನು ಪುಸ್ತಕವಾಗಿ ಬರೆದ. ಮುಖ್ಯವಾದದ್ದು ಅಂಕಿ ಎಷ್ಟು ಎಂಬುದಕ್ಕಿಂತ ಅದು ನಿಂತಿದೆಯೇ ಎಂಬುದು. ಎರಡು ಮೂರು ದಿನಗಳ ಅಂತರದಲ್ಲಿ ತೆಗೆದ ಅಳತೆಗಳು ಒಂದೇ ಆಗಿರಬೇಕು, ಮತ್ತು ಅದು ಆ ಮಾಲ್ಟಿಗೂ ಆ ಯೀಸ್ಟಿಗೂ ನಿರೀಕ್ಷಿಸಿದ ಜಾಗಕ್ಕೆ ಹತ್ತಿರವಿರಬೇಕು. ಅಳೆಯುವ ಮೊದಲು ಸ್ಯಾಂಪಲ್ಲನ್ನು ಕಲಕಿ ಅನಿಲ ಹೋಗಿಸಿ. ಗುಳ್ಳೆಗಳು ಕೊಳವೆಗೆ ಅಂಟಿಕೊಂಡರೆ ಅದನ್ನು ಮೇಲೆತ್ತಿ ಸುಳ್ಳು ಅಂಕಿ ತೋರಿಸುತ್ತವೆ. (ಗುಳ್ಳೆಗಳನ್ನು ನಂಬಬಾರದು ಎನ್ನಲು ಇನ್ನೊಂದು ಕಾರಣ.)

ಹೈಡ್ರೋಮೀಟರ್ ಇಲ್ಲದೆ ಸಾವಿರಾರು ವರ್ಷ ಜನ ಬಿಯರ್ ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದರು, ನಿಜ. ನಮ್ಮಲ್ಲೂ ದೋಸೆಹಿಟ್ಟು ಹುದುಗಿದೆಯೇ ಎಂದು ಯಾರೂ ಅಳತೆ ಮಾಡಿ ನೋಡುವುದಿಲ್ಲ. ಉಬ್ಬು ಕಂಡರೆ, ಹುಳಿಘಮ ಬಂದರೆ ಸಾಕು. ಆದರೆ ದೋಸೆಹಿಟ್ಟಿನ ಪಾತ್ರೆಯನ್ನು ಯಾರೂ ಬೆಸುಗೆ ಹಾಕಿ ಮುಚ್ಚುವುದಿಲ್ಲ. ಹಿಂದಿನವರ ಬಿಯರ್ ಹೆಚ್ಚಾಗಿ ತೆರೆದ ಪಾತ್ರೆಯಿಂದ, ಪೀಪಾಯಿಯಿಂದ ಕುಡಿದದ್ದು. ವಿಲಿಯಂ ಪೇಂಟರ್ ಬಾಲ್ಟಿಮೋರಿನಲ್ಲಿ ಕ್ರೌನ್ ಮುಚ್ಚಳಕ್ಕೆ ಪೇಟೆಂಟ್ ಪಡೆದದ್ದು 1892ರಲ್ಲಿ. ಅಂಥ ಬಿಗಿ ಮುಚ್ಚಳವನ್ನು ಅಡುಗೆಮನೆಗೆ ತಂದುಕೊಂಡ ಮೇಲೆ ಅಜ್ಜಂದಿರ ಕಣ್ಣಂದಾಜನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಇನ್ನೂ ಎರಡು ವಾರ ಸುಮ್ಮನೆ ಕಾದರಾಯಿತು ಎಂಬ ವಾದಕ್ಕೆ ಹೆಚ್ಚು ಬಲವಿದೆ. ಬಹಳ ಸಲ ಅದು ಫಲಿಸುತ್ತದೆ ಕೂಡ. ಫಲಿಸದಿರುವುದು ಯೀಸ್ಟ್ ಚಳಿಗೆ ಮುದುಡಿ ಮಲಗಿದಾಗ. ನಾಲ್ಕು ವಾರ ಕಳೆದರೂ ಅಂಕಿ 1.020ರಲ್ಲೇ ಇರುತ್ತದೆ, ಬಾಟಲಿಗಳನ್ನು ಬೆಚ್ಚಗಿನ ಕಪಾಟಿಗಿಟ್ಟ ಮೇಲೆ ಯೀಸ್ಟ್ ಎಚ್ಚರಗೊಳ್ಳುತ್ತದೆ. ಮಲಗಿದ್ದಕ್ಕೂ ಮುಗಿದದ್ದಕ್ಕೂ ಇರುವ ವ್ಯತ್ಯಾಸ ಕ್ಯಾಲೆಂಡರಿಗೆ ತಿಳಿಯದು. ಅಳತೆಗೆ ಬಿಯರ್ ಪೋಲಾಗುತ್ತದೆ ಎಂಬ ದೂರಿಗೆ ಉತ್ತರ ಚಿಕ್ಕದು: ಇಪ್ಪತ್ತು ಲೀಟರಿನಲ್ಲಿ ಹೋಗುವುದು ಒಂದು ಲೋಟ, ಅದನ್ನೂ ಕುಡಿಯಬಹುದು.

ನಿಂತ ಅಂಕಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಹುದುಗಿ ಮುಗಿದ ಬಿಯರಿಗೆ, ಘಮಕ್ಕೆಂದು, ಕುದಿಸದ ಹಾಪ್ಸ್ ಹೂ ಹಾಕಿದರೆ ಅದರಲ್ಲಿನ ಕಿಣ್ವಗಳು ಯೀಸ್ಟಿಗೆ ಜಗ್ಗದಿದ್ದ ಪಿಷ್ಟದ ತುಣುಕುಗಳನ್ನು ಒಡೆದು ಹೊಸ ಸಕ್ಕರೆ ಒದಗಿಸುತ್ತವೆ. ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ ಇದನ್ನು 1893ರಲ್ಲೇ ವರದಿ ಮಾಡಿದ್ದರು. ಇದು ಹೈಡ್ರೋಮೀಟರಿನ ವಿರುದ್ಧದ ವಾದವಲ್ಲ. ಹಾಪ್ಸ್ ಹಾಕಿದ ಮೇಲೂ ಮತ್ತೆ ಅಳೆಯಬೇಕು ಎನ್ನುವುದಕ್ಕೆ ಕಾರಣ. ಬೆಣ್ಣೆಯ ವಾಸನೆ ಇನ್ನೂ ಬರುತ್ತಿದ್ದರೆ, ಅಂಕಿ ನಿಂತಿದ್ದರೂ ಒಂದೆರಡು ದಿನ ತಡೆಯುವುದು ಒಳ್ಳೆಯದು. ಆ ವಾಸನೆಯ ಡೈಅಸಿಟೈಲನ್ನು ಯೀಸ್ಟ್ ಕೊನೆಗೆ ತಾನೇ ತೆರವು ಮಾಡುತ್ತದೆ.

ಕಿಟ್ ಮಾರುವವರು ದಿನಗಳ ಸಾಲನ್ನು ಅಳಿಸಿ ಆ ಜಾಗದಲ್ಲಿ ನಿರೀಕ್ಷಿತ ಕೊನೆಯ ಅಂಕಿಯನ್ನು ಅಚ್ಚು ಹಾಕಲಿ. ಹೈಡ್ರೋಮೀಟರನ್ನು ಬೇಕಿದ್ದರೆ ಕೊಳ್ಳುವ ವಸ್ತುಗಳ ಪಟ್ಟಿಯಿಂದ ತೆಗೆದು ಪೆಟ್ಟಿಗೆಯೊಳಗೇ ಇಡಲಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದು ಇದನ್ನು ಓದುತ್ತಿರುವವರು ಅಳೆಯದೆ ತುಂಬಿದ ಬಾಟಲಿಗಳನ್ನು ಕಪಾಟಿನಲ್ಲಿ ಇಟ್ಟಿದ್ದರೆ, ದಪ್ಪ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಹಾಕಿಕೊಂಡು ಇಂದೇ ಅವನ್ನು ಫ್ರಿಜ್ಜಿಗೆ ಸಾಗಿಸಿ.