ರಂಗಸ್ವಾಮಿಯ ಭಾವಮೈದುನರು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಾರದವರು ನಮ್ಮ ಬಂಧುಗಳಲ್ಲಿ, ಶಿಷ್ಯವರ್ಗದಲ್ಲಿ ವಿರಳ. ಅಲ್ಲಿನ ದೇವರ ಕಥೆಯೂ ನಿಮಗೆ ತಿಳಿದೇ ಇದೆ. ರಂಗಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂದು ಐತಿಹ್ಯ. ಆದ್ದರಿಂದ ಸೋಲಿಗರಿಗೆ ಅವನು ‘ಭಾವ’. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಈ ಜನ, ತಾವು ಹುಟ್ಟಿ ಬೆಳೆದ ಕಾಡಿನಲ್ಲಿಯೇ ಅರ್ಜಿ ಹಿಡಿದು ನಿಲ್ಲುವಂತಾದುದು ಹೇಗೆಂಬುದನ್ನು ಬೆಟ್ಟಕ್ಕೆ ಹೋಗಿಬರುವ ನಾವು ಯೋಚಿಸುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1974ರಲ್ಲಿ ಈ ಬೆಟ್ಟಸಾಲು ವನ್ಯಧಾಮವಾಯಿತು. ತುಂಡು ಕಾಡನ್ನು ಕಡಿದು ರಾಗಿ ಬೆಳೆದು, ಕೆಲವು ವರ್ಷಗಳ ನಂತರ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುತ್ತಿದ್ದ ಕುಮರಿ ಬೇಸಾಯ ನಿಂತಿತು. ಬೇಟೆಯೂ ನಿಂತಿತು. ಸೋಲಿಗರು ಒಂದೆಡೆ ನೆಲೆನಿಂತ ಪೋಡುಗಳಿಗೆ ಸೀಮಿತರಾದರು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ ಇವುಗಳ ಸಂಗ್ರಹ. ಇವನ್ನು ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಮಾರಿ ಸಂಸಾರ ತೂಗಿಸುತ್ತಿದ್ದರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಬಳಿಕ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿದ್ದಿತು. 2011ರ ಆರಂಭದಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಈ ನಡುವೆ, 2006ರಲ್ಲಿ, ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತ್ತು. ಅದರ ಅನ್ವಯ 2011ರ ಅಕ್ಟೋಬರ್ 2ರಂದು ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು.

ಇಲ್ಲಿ ನನ್ನೊಳಗಿನ ಮೇಷ್ಟರು ಒಂದು ವ್ಯಾಕರಣದ ಮಾತನ್ನು ಹೇಳಲೇಬೇಕು. ‘ಸೋಲಿಗರಿಗೆ ಸರ್ಕಾರ ಹಕ್ಕು ಕೊಟ್ಟಿತು’ ಎಂದು ನಾವೆಲ್ಲ ಹೇಳುತ್ತೇವೆ. ಕಾಯ್ದೆಯ ಹೆಸರಿನಲ್ಲಿ ಇರುವುದು ‘ಮಾನ್ಯತೆ’ ಎಂಬ ಪದ. ಕೊಡುವುದು ಬೇರೆ, ಮಾನ್ಯ ಮಾಡುವುದು ಬೇರೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಮೊದಲೇ ಇದ್ದದ್ದನ್ನು ಇದೆಯೆಂದು ಒಪ್ಪಿಕೊಂಡ ಮೇಲೆ ಹಿಂದಕ್ಕೆ ಪಡೆಯುವ ಮಾತೇ ಬರುವುದಿಲ್ಲ. ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಆ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ಕ್ರಿಯಾಪದವೊಂದನ್ನು ತಪ್ಪಾಗಿ ಬಳಸಿದರೆ ಹಕ್ಕುದಾರನು ಫಲಾನುಭವಿಯಾಗಿಬಿಡುತ್ತಾನೆ. ಇಂದಿನ ತೊಡಕೆಲ್ಲ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಪತ್ರ ಗ್ರಾಮಸಭೆಯ ಕೈಯಲ್ಲಿದ್ದರೂ ಕಾಡಿನ ಬಗೆಗಿನ ನಿರ್ಧಾರ ಬೇರೆಯವರ ಕೈಯಲ್ಲಿಯೇ ಉಳಿದಿದೆ.

ಬೆಂಕಿಯ ವಿಷಯವನ್ನೇ ತೆಗೆದುಕೊಳ್ಳಿ. ವರ್ಷದ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲು, ತರಗೆಲೆಗೆ ತಣ್ಣನೆಯ ಬೆಂಕಿ ಹಾಕುವುದು ಸೋಲಿಗರ ಪದ್ಧತಿಯಾಗಿತ್ತು. ಅದನ್ನು ನಿಷೇಧಿಸಲಾಯಿತು. ಈಗ ಕಾಡಿನ ಬಹುಭಾಗವನ್ನು ಲಂಟಾನ ಆವರಿಸಿದೆ. ಜಿಂಕೆಗೆ ಹುಲ್ಲಿಲ್ಲ, ಮನುಷ್ಯರಿಗೆ ದಾರಿಯಿಲ್ಲ. ನೆಲ್ಲಿಮರಗಳಿಗೆ ಬದನಿಕೆ ಹಬ್ಬಿದೆ. ಅದನ್ನು ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಹಳೆಯ ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಲೇ ಬಂದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿ ಪ್ರಕಟಿಸಿದ ಮೇಲೆ ಅದಕ್ಕೆ ಬೆಲೆ ಬಂದಿತು. ಕಡುಬೇಸಗೆಯ ಕಾಳ್ಗಿಚ್ಚು ಕಾಡನ್ನು ಸುಡುತ್ತದೆ ಎಂಬುದು ನಿಜ. ಆದರೆ ಒಲೆಯ ಬೆಂಕಿಗೂ ಮನೆ ಸುಡುವ ಬೆಂಕಿಗೂ ಇರುವ ಅಂತರವನ್ನು ಅರಿತವರನ್ನು ಕೇಳದೆ ನಿಯಮ ಮಾಡಿದ್ದು ಸರಿಯಲ್ಲ.

ಜನರಿದ್ದರೆ ಹುಲಿ ಉಳಿಯದು ಎಂಬ ವಾದವೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಕ್ಕಟ್ಟಾದ ಕಾಡುಗಳಲ್ಲಿ ಮನುಷ್ಯರಿಗೂ ಮೃಗಗಳಿಗೂ ಘರ್ಷಣೆ ಇದ್ದೇ ಇದೆ. ಆದರೆ ಈ ಬೆಟ್ಟದಲ್ಲಿ 2010ರ ಗಣತಿಯಲ್ಲಿ 35ರಷ್ಟಿದ್ದ ಹುಲಿಗಳ ಸಂಖ್ಯೆ 2014ರ ವೇಳೆಗೆ 68ಕ್ಕೆ ಏರಿದುದಾಗಿ ವರದಿಯಾಯಿತು. ಸೋಲಿಗರು ಆಗಲೂ ಅಲ್ಲಿಯೇ ಇದ್ದರು. ಹೀಗಿದ್ದರೂ 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು, ದೇಶದ ಹುಲಿ ಪ್ರದೇಶಗಳ ಒಳಭಾಗದಲ್ಲಿರುವ 591 ಗ್ರಾಮಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಆದ್ಯತೆ ನೀಡುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಸ್ವಇಚ್ಛೆಯಿಂದ ಹೊರಡುವ ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರವಿದೆ. ಆದರೆ ರಸ್ತೆ, ವಿದ್ಯುತ್ತು, ಆಸ್ಪತ್ರೆ ಯಾವುದೂ ಸರಿಯಾಗಿ ತಲುಪದ ಪೋಡಿನಿಂದ ಹೊರಡುವವನ ಇಚ್ಛೆಯನ್ನು ಸ್ವಇಚ್ಛೆ ಎನ್ನಬಹುದೇ?

ಸೋಲಿಗರು ಹಳೆಯ ಕಾಲದಲ್ಲಿಯೇ ಉಳಿಯಲಿ ಎಂದು ನಾನು ಹೇಳುತ್ತಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಮೇಲೆ ಎಷ್ಟೋ ಮಕ್ಕಳು ಶಾಲೆ ಕಂಡರು. ಸೋಲಿಗರಲ್ಲಿ ಮೊದಲಿಗರಾಗಿ ಪಿಎಚ್.ಡಿ. ಪಡೆದ ಡಾ. ಸಿ. ಮಾದೇಗೌಡರು ತಮ್ಮ ಜನರ ಹಕ್ಕಿಗಾಗಿಯೇ ದುಡಿಯುತ್ತಿದ್ದಾರೆ. ಓದು ಕಾಡಿಗೆ ಶತ್ರುವಲ್ಲ. ಆದರೆ ಜೇನಿನ ಋತುವಿನಲ್ಲಿ ತಂದೆಯೊಡನೆ ಕಾಡಿಗೆ ಹೋದ ಹುಡುಗನ ಹಾಜರಿ ಪುಸ್ತಕದಲ್ಲಿ ನಾವು ‘ಗೈರು’ ಎಂದಷ್ಟೇ ಬರೆಯುತ್ತೇವೆ. ನೂರು ಮರಗಳ ಹೆಸರು ಹೇಳಬಲ್ಲ ಅವನ ಅಜ್ಜಿಯನ್ನು ಜನಗಣತಿ ‘ಅನಕ್ಷರಸ್ಥೆ’ ಎನ್ನುತ್ತದೆ. ಆ ಮರಗಳ ಹೆಸರುಗಳು ಮೊಮ್ಮಗನ ನಾಲಗೆಯಿಂದ ಜಾರಿಹೋದರೆ, ಅವನು ಪಡೆಯುವ ಯಾವ ಪ್ರಮಾಣಪತ್ರವೂ ಆ ನಷ್ಟವನ್ನು ತುಂಬಲಾರದು.

ನಿಮ್ಮಲ್ಲಿ ಕೆಲವರು ಇಂದು ಸರ್ಕಾರಿ ಕಚೇರಿಗಳಲ್ಲಿದ್ದೀರಿ, ಕೆಲವರು ಶಾಲೆಗಳಲ್ಲಿ ಪಾಠ ಹೇಳುತ್ತಿದ್ದೀರಿ. ಕಡತ ನಿಮ್ಮ ಮುಂದೆ ಬಂದಾಗ ಗ್ರಾಮಸಭೆಯ ನಿರ್ಣಯವನ್ನು ಮೊದಲು ಓದಿರಿ. ತರಗತಿಯಲ್ಲಿ ಪೋಡಿನ ಮಗುವೊಂದಿದ್ದರೆ ಒಂದು ದಿನ ಪಾಠವನ್ನು ಅದಕ್ಕೇ ಒಪ್ಪಿಸಿ, ಮರದ ಹೆಸರುಗಳನ್ನು ಉಳಿದ ಮಕ್ಕಳು ಬರೆದುಕೊಳ್ಳಲಿ. ಬೆಟ್ಟಕ್ಕೆ ದರ್ಶನಕ್ಕೆಂದು ಹೋಗುವವರು ಇಷ್ಟನ್ನಾದರೂ ನೆನಪಿಡಿ: ಆ ಕಾಡಿಗೆ ನಾವು ಅತಿಥಿಗಳು, ಸೋಲಿಗರು ಮನೆಯವರು. ಮನೆಯವರನ್ನು ಕೇಳದೆ ಮನೆಯ ವ್ಯವಹಾರ ತೀರ್ಮಾನಿಸುವುದು ಯಾವ ಧರ್ಮವೂ ಅಲ್ಲ.