ಪಡಿತರಕ್ಕೂ ಬಿಸಿಯೂಟಕ್ಕೂ ನಾರಿನಂಶದ ಲೆಕ್ಕ ಸೇರಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಆಹಾರ ಆಯೋಗ,
ಬೆಂಗಳೂರು.

ಇಂದ,
ತುಮಕೂರು ಜಿಲ್ಲೆಯ ಬಿಸಿಯೂಟ ಅಡುಗೆ ಸಿಬ್ಬಂದಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರು, ಪೋಷಕರು ಹಾಗೂ ರಾಗಿ ಬೆಳೆಗಾರರು.

ವಿಷಯ: ಪಡಿತರದಲ್ಲಿ ವರ್ಷಪೂರ್ತಿ ರಾಗಿ, ಜೋಳ ವಿತರಿಸುವುದು, ಶಾಲೆಯ ಊಟದಲ್ಲಿ ನಾರಿನಂಶಕ್ಕೆ ಕನಿಷ್ಠ ಪ್ರಮಾಣ ಗೊತ್ತುಪಡಿಸುವುದು ಮತ್ತು ದೊಡ್ಡಕರುಳಿನ ಕ್ಯಾನ್ಸರ್ ತಡೆಗೆ ಪೂರಕ ಕ್ರಮ ಕೈಗೊಳ್ಳುವ ಬಗ್ಗೆ.

ಉಲ್ಲೇಖ: ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013, ಕಲಂ 16.

ಮಾನ್ಯರೇ,

ರಾಗಿ ಬೆಳೆಯುವ ಜಿಲ್ಲೆಯವರಾದ ನಾವು ರಾಗಿ ಕೊಡಿಸಿ ಎಂದು ಆಯೋಗದ ಮುಂದೆ ಬಂದಿದ್ದೇವೆ. ಕೇಳಲು ವಿಚಿತ್ರವೆನಿಸಬಹುದು. ಆದರೆ ಗದ್ದೆ ಹೊಲದಲ್ಲಿ ಏನು ಬೆಳೆಯುತ್ತದೆ ಎಂಬುದಕ್ಕೂ ತಟ್ಟೆಗೆ ಏನು ಬೀಳುತ್ತದೆ ಎಂಬುದಕ್ಕೂ ನಮ್ಮಲ್ಲಿ ಸಂಬಂಧ ಕಡಿದು ಬಹಳ ಕಾಲವಾಯಿತು. ಸರ್ಕಾರ ಬೆಂಬಲ ಬೆಲೆ ಕೊಟ್ಟು ನಮ್ಮಿಂದ ರಾಗಿ ಖರೀದಿಸುತ್ತದೆ. ಅದೇ ಸರ್ಕಾರದ ನ್ಯಾಯಬೆಲೆ ಅಂಗಡಿಯಿಂದ ನಮ್ಮ ಮನೆಗೆ ಬರುವುದು ಹೆಚ್ಚಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿ. ರಾಗಿ ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ನಿಲ್ಲುತ್ತದೆ. ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಅಕ್ಕಿಯ ಮೇಲೆ ನಮಗೆ ದ್ವೇಷವಿಲ್ಲ. ಅನ್ನಭಾಗ್ಯದ ಅಕ್ಕಿ ಹಸಿವನ್ನು ತಡೆದಿದೆ. ಅದನ್ನು ಹಗುರವಾಗಿ ಮಾತಾಡುವವರು ಹಸಿದವರಲ್ಲ. ನಮ್ಮ ತಕರಾರು ಬೇರೆ. ಹೊಟ್ಟೆ ತುಂಬಿದೆಯೇ ಎಂದು ಕೇಳುವ ವ್ಯವಸ್ಥೆ ನಮ್ಮಲ್ಲಿ ಬಂದಿದೆ. ಕರುಳಿಗೆ ಬೇಕಾದ್ದು ಸಿಕ್ಕಿದೆಯೇ ಎಂದು ಕೇಳುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಲೆಕ್ಕ ಸರಳವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗೂ ಕಡಿಮೆ. ಕೂಲಿ ಮಾಡುವ ಒಬ್ಬ ಆಳು ದಿನಕ್ಕೆ 400 ಗ್ರಾಂ ಧಾನ್ಯ ಉಣ್ಣುತ್ತಾನೆ ಎಂದುಕೊಳ್ಳಿ. ಅಷ್ಟೂ ಅಕ್ಕಿಯಾದರೆ ಧಾನ್ಯದಿಂದ ಅವನಿಗೆ ಸಿಗುವ ನಾರು 11 ಗ್ರಾಂ. ಅರ್ಧ ಅಕ್ಕಿ, ಅರ್ಧ ರಾಗಿಯಾದರೆ 28 ಗ್ರಾಂ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸೊಪ್ಪು, ಕಾಳು, ಹಣ್ಣು ಸೇರುವ ಮುಂಚೆಯೇ, ಬರೀ ಅನ್ನ, ಮುದ್ದೆಯಿಂದ ಆ ಗೆರೆ ದಾಟಿಬಿಡಬಹುದು. ತೀರಾ ದುಬಾರಿಯಾದ ಯಾವುದನ್ನೂ ನಾವು ಕೇಳುತ್ತಿಲ್ಲ.

ನಾರಿಗೂ ಕ್ಯಾನ್ಸರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಉಗಾಂಡಾದಲ್ಲಿ ದೀರ್ಘಕಾಲ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್, ಪಶ್ಚಿಮದ ದೇಶಗಳಲ್ಲಿ ಸಾಮಾನ್ಯವಾದ ದೊಡ್ಡಕರುಳಿನ ಕ್ಯಾನ್ಸರ್ ಆಫ್ರಿಕಾದ ಹಳ್ಳಿಗರಲ್ಲಿ ಅಪರೂಪವೆಂಬುದನ್ನು ಗಮನಿಸಿ, ಅವರು ಉಣ್ಣುವ ನಾರಿನ ಊಟವೇ ಕಾರಣವಿರಬಹುದು ಎಂದು 1971ರಲ್ಲಿ ಬರೆದರು. ಆಗ ಅದು ಊಹೆ. ಯೂರೋಪಿನ 10 ದೇಶಗಳ 5 ಲಕ್ಷಕ್ಕೂ ಹೆಚ್ಚು ಜನರ ಊಟವನ್ನು ದಾಖಲಿಸಿದ ಅಧ್ಯಯನದ ಫಲಿತಾಂಶ 2003ರಲ್ಲಿ ಬಂತು: ಅತಿ ಹೆಚ್ಚು ನಾರು ಉಣ್ಣುವವರಲ್ಲಿ ಈ ಕ್ಯಾನ್ಸರ್ ಅತಿ ಕಡಿಮೆ ಉಣ್ಣುವವರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ, ದಿನದ ನಾರು 10 ಗ್ರಾಂ ಹೆಚ್ಚಾದಂತೆ ಅಪಾಯ ಸುಮಾರು ಶೇ 10ರಷ್ಟು ಇಳಿಯುವುದು ಕಂಡುಬಂತು.

ವಿರುದ್ಧವಾದ ಸಾಕ್ಷ್ಯವನ್ನೂ ಆಯೋಗದ ಮುಂದಿಡುವುದು ನಮ್ಮ ಕರ್ತವ್ಯ. ಅಮೆರಿಕದಲ್ಲಿ, ಮುಂದೆ ಕ್ಯಾನ್ಸರಾಗಬಹುದಾದ ಕರುಳಿನ ಗಂಟುಗಳನ್ನು ತೆಗೆಸಿಕೊಂಡವರಿಗೆ ನಾರಿನ ಊಟ ಕೊಟ್ಟು ನೋಡಿದ ಎರಡು ಪ್ರಯೋಗಗಳು 2000ದಲ್ಲಿ ಪ್ರಕಟವಾದವು. ಕೆಲವೇ ವರ್ಷಗಳ ಆ ಅವಧಿಯಲ್ಲಿ ಗಂಟು ಮರುಕಳಿಸುವುದು ಕಡಿಮೆಯಾಗಲಿಲ್ಲ. ಆದ್ದರಿಂದ ಮುದ್ದೆ ಉಂಡವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ. ಮದ್ಯ, ತಂಬಾಕು, ಬೊಜ್ಜು, ಸಂಸ್ಕರಿಸಿದ ಮಾಂಸ, ವಂಶವಾಹಿ ಎಲ್ಲವೂ ಈ ಕಾಯಿಲೆಯಲ್ಲಿ ಪಾಲುದಾರರು. ಆದರೆ ಹತ್ತಾರು ವರ್ಷ ಬೆಳೆಯುವ ಕಾಯಿಲೆಯನ್ನು ಮಧ್ಯವಯಸ್ಸಿನಲ್ಲಿ ಮೂರ್ನಾಲ್ಕು ವರ್ಷ ಊಟ ಬದಲಿಸಿ ಅಳೆಯುವುದು ಒಂದು, ಅಂಗನವಾಡಿಯಿಂದಲೇ ಊಟ ಸರಿಯಿರುವುದು ಇನ್ನೊಂದು.

ಒಳಗೆ ಏನಾಗುತ್ತದೆ ಎಂಬುದೂ ಈಗ ಸಾಕಷ್ಟು ಸ್ಪಷ್ಟ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ದೊಡ್ಡಕರುಳಿನ ಸೂಕ್ಷ್ಮಾಣುಗಳು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಉಳಿದ ನಾರು ಮಲದ ಗಾತ್ರ ಹೆಚ್ಚಿಸಿ ಬೇಗ ಸಾಗಿಸುತ್ತದೆ. ಹಾನಿಕಾರಕ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಹೊತ್ತು ಕಡಿಮೆಯಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ 20 ಕಪ್ಪು ಜನರ ಊಟವನ್ನೂ ದಕ್ಷಿಣ ಆಫ್ರಿಕಾದ 20 ಹಳ್ಳಿಗರ ಊಟವನ್ನೂ ಎರಡು ವಾರ ಅದಲುಬದಲು ಮಾಡಿದರು. ನಾರು ಸಿಕ್ಕ ಅಮೆರಿಕನ್ನರಲ್ಲಿ ಬ್ಯುಟಿರೇಟ್ ಏರಿತು, ನಾರು ಕಳೆದುಕೊಂಡ ಹಳ್ಳಿಗರಲ್ಲಿ ಅರ್ಧಕ್ಕೆ ಇಳಿಯಿತು. ಆ ಹಳ್ಳಿಗರಿಗೆ ಎರಡು ವಾರ ಆದದ್ದು ನಮ್ಮ ತಾಲ್ಲೂಕುಗಳಲ್ಲಿ ಎರಡು ತಲೆಮಾರಿನಿಂದ ಆಗುತ್ತಿದೆ.

ಭಾರತದಲ್ಲಿ ಈ ಕ್ಯಾನ್ಸರ್ ಪಶ್ಚಿಮದ ದೇಶಗಳಷ್ಟು ಇಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಲ್ಲಿ ಜಗತ್ತಿನ 19 ಲಕ್ಷ ಹೊಸ ಪ್ರಕರಣಗಳ ಪೈಕಿ ನಮ್ಮ ದೇಶದ್ದು ಸುಮಾರು 70 ಸಾವಿರ. ಇಲ್ಲದ ಕಾಯಿಲೆಗೆ ಈಗಲೇ ಏಕೆ ಗಾಬರಿ ಎಂದು ಯಾರಾದರೂ ಕೇಳಬಹುದು. ಕಡಿಮೆ ಇರುವಾಗಲೇ ತಡೆಯುವುದು ಅಗ್ಗ.

ಈ ಹಿನ್ನೆಲೆಯಲ್ಲಿ ನಮ್ಮ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇವೆ.

ಮೊದಲನೆಯದು ಪಡಿತರ. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅಕ್ಕಿ, ಗೋಧಿಯ ಜೊತೆಗೆ ಒರಟು ಧಾನ್ಯದ ಹೆಸರೂ ಇದೆ. ಆದ್ದರಿಂದ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದ ಜಿಲ್ಲೆಗಳಲ್ಲಿ ಜೋಳ ವರ್ಷದ 12 ತಿಂಗಳೂ ಸಿಗುವಂತೆ ಸರ್ಕಾರಕ್ಕೆ ಆಯೋಗ ಸಲಹೆ ನೀಡಬೇಕು. ಒಟ್ಟು ಕಿಲೋ ಕಡಿತವಾಗಕೂಡದು, ಎಷ್ಟು ಅಕ್ಕಿ ಎಷ್ಟು ರಾಗಿ ಎಂಬ ಆಯ್ಕೆ ಕಾರ್ಡುದಾರರದ್ದೇ ಆಗಿರಬೇಕು. ಕಲ್ಲು ಮಣ್ಣು ಬೆರೆತ ರಾಗಿ ಕೊಟ್ಟು, ಜನ ಒಯ್ಯಲಿಲ್ಲ ಎಂದು ವರದಿ ಬರೆಯುವ ಪದ್ಧತಿ ನಿಲ್ಲಬೇಕು. ಜರಡಿ ಹಿಡಿಯದ ಇಡೀ ಧಾನ್ಯವೇ ಬೇಕು. ತೌಡು ಕಳೆದ ನುಣ್ಣನೆಯ ಹಿಟ್ಟಿನಿಂದ ಉದ್ದೇಶ ಈಡೇರದು. ಬೆಂಗಳೂರಿನ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ಎಂದು ಮಾರುವ ಪೊಟ್ಟಣದ ಹಿಂಬದಿ ಓದಿದರೆ ಎಷ್ಟೋ ಸಲ ಮೊದಲ ಹೆಸರು ಮೈದಾ. ಸರ್ಕಾರಿ ಪೂರೈಕೆಗೆ ಆ ಗತಿ ಬರಬಾರದು. ಶಾಲೆಗಳಿಗೆ ಬರುವ ರಾಗಿ ಮಾಲ್ಟ್ ಪುಡಿಯ ಚೀಲದ ಮೇಲೂ ನಾರು ಎಷ್ಟು, ಸಕ್ಕರೆ ಎಷ್ಟು ಎಂದು ಕನ್ನಡದಲ್ಲಿ ಅಚ್ಚಾಗಲಿ.

ಎರಡನೆಯದು ಬಿಸಿಯೂಟ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಿದೆ. 6ರಿಂದ 8ನೇ ತರಗತಿಯ ಮಗುವಿಗೆ ನಿಗದಿಯಾದ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿಯಲ್ಲಿ ಒಟ್ಟು ಸುಮಾರು 9 ಗ್ರಾಂ ನಾರು ಬರುತ್ತದೆ. 10 ವರ್ಷ ದಾಟಿದ ಮಗುವಿಗೆ ದಿನಕ್ಕೆ 25 ಗ್ರಾಂ ಬೇಕೆಂದರೆ ಒಂದು ಊಟಕ್ಕೆ ಇದು ಸಾಕಾಯಿತಲ್ಲ ಎಂದು ಕಾಗದ ಹೇಳುತ್ತದೆ. ಕಾಗದದಲ್ಲಿ ತರಕಾರಿ 75 ಗ್ರಾಂ. ತರಕಾರಿ ಬೆಲೆ ಏರಿದ ತಿಂಗಳು ಸಾರಿನಲ್ಲಿ ತೇಲುವುದು ಟೊಮೆಟೊ ಸಿಪ್ಪೆ, ಎರಡು ತುಂಡು ಆಲೂಗಡ್ಡೆ. ಅದೇ ಮಗು ಬೆಳಿಗ್ಗೆ ಮನೆಯಲ್ಲಿ ತಿಂದದ್ದು ಚಿತ್ರಾನ್ನ, ರಾತ್ರಿ ಉಣ್ಣುವುದು ಅನ್ನ. ಧಾನ್ಯದ ಅರ್ಧ ಪಾಲನ್ನು ರಾಗಿ ಮಾಡಿದರೆ ಇದೇ ಊಟದ ನಾರು 15 ಗ್ರಾಂಗೆ ಏರುತ್ತದೆ. ತೊಗರಿಬೇಳೆಯ ಬದಲು ಇಡೀ ಹೆಸರುಕಾಳು ಹಾಕಿದ ದಿನ ಇನ್ನೂ 2 ಗ್ರಾಂ ಸೇರುತ್ತದೆ. ಆದ್ದರಿಂದ ವಾರಕ್ಕೆ ಕನಿಷ್ಠ 2 ದಿನ ಮುದ್ದೆ ಇಲ್ಲವೇ ರೊಟ್ಟಿ, 2 ದಿನ ಇಡೀ ಕಾಳಿನ ಸಾರು ಇರಲಿ. ಕ್ಯಾಲರಿ, ಪ್ರೋಟೀನಿನ ಪಕ್ಕದಲ್ಲಿ ನಾರಿಗೂ ಒಂದು ಕಾಲಂ ಇರಲಿ.

ಮುದ್ದೆ ಎಂದರೆ ಮಾತಲ್ಲ ಎಂಬುದು ಈ ಮನವಿಗೆ ಸಹಿ ಹಾಕಿರುವ ಅಡುಗೆಯವರಿಗೇ ಚೆನ್ನಾಗಿ ಗೊತ್ತು. 80 ಮಕ್ಕಳಿಗೆ ಅನ್ನವಾದರೆ ಎಸರಿಟ್ಟು ಅಕ್ಕಿ ಹಾಕಿ ಬೇರೆ ಕೆಲಸ ನೋಡಬಹುದು. ಮುದ್ದೆಗೆ ಕುದಿಯುವ ಎಸರಿನ ಮುಂದೆಯೇ ನಿಂತು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಗಂಟು ಕಟ್ಟದಂತೆ ಕೋಲಿನಿಂದ ತಿರುವಬೇಕು. ಬಿಸಿ ಆರುವ ಮುಂಚೆ ಅಷ್ಟನ್ನೂ ಉಂಡೆ ಕಟ್ಟಬೇಕು. ರಟ್ಟೆ ಸೋಲುತ್ತದೆ, ಕೈ ಸುಡುತ್ತದೆ. ಆದ್ದರಿಂದ ಮುದ್ದೆಯ ಆದೇಶದ ಜೊತೆಗೇ ಮುದ್ದೆ ತಿರುವುವ ಯಂತ್ರ, ಆ ದಿನಗಳಿಗೆ ಒಬ್ಬ ಹೆಚ್ಚುವರಿ ಸಹಾಯಕಿ, ರಾಗಿ ಬೀಸಿಸುವ ಖರ್ಚು ಮಂಜೂರಾಗಬೇಕು. ಕಡಿಮೆ ಸಂಭಾವನೆಯ ಹೆಂಗಸರ ತೋಳ ಮೇಲೆ ಇನ್ನೊಂದು ಯೋಜನೆ ಹೊರಿಸಿ ಸಾಧನೆ ಎಂದು ಪ್ರಕಟಿಸುವುದಾದರೆ ನಮ್ಮ ಒಪ್ಪಿಗೆ ಇಲ್ಲ. ಅಂಗನವಾಡಿಯ ಪುಟ್ಟ ಮಕ್ಕಳಿಗೆ ಮಾತ್ರ ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು. ಏಕಾಏಕಿ ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ, ಚಿಕ್ಕ ಹೊಟ್ಟೆ ಬೇಗ ತುಂಬಿ ಬೇರೆ ಆಹಾರಕ್ಕೆ ಜಾಗವಿರುವುದಿಲ್ಲ.

ಮೂರನೆಯದು ಊಟದ ವಿಷಯವೇ ಅಲ್ಲ ಎನಿಸಬಹುದು: ನೀರು ಮತ್ತು ಶೌಚಾಲಯ. ನಾರು ಕೆಲಸ ಮಾಡುವುದು ನೀರಿನ ಜೊತೆ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದು ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಸಂಜೆಯವರೆಗೆ ತಡೆದುಕೊಂಡಿರುತ್ತಾರೆ. ಮನೆಗೆ ಬಂದು ಹೊಟ್ಟೆನೋವು ಎನ್ನುತ್ತಾರೆ, ನಾವು ಜಂತುಹುಳದ ಮಾತ್ರೆ ಕೊಡುತ್ತೇವೆ. ಊಟದ ತಪಾಸಣೆಗೆ ಬರುವ ಅಧಿಕಾರಿಗಳು ಅಡುಗೆಮನೆಯ ಜೊತೆಗೆ ಕುಡಿಯುವ ನೀರನ್ನೂ ಶೌಚಾಲಯವನ್ನೂ ನೋಡಿ ಅದೇ ವರದಿಯಲ್ಲಿ ಬರೆಯುವಂತಾಗಬೇಕು.

ನಾಲ್ಕನೆಯದು ಆರೋಗ್ಯ ಇಲಾಖೆಗೆ ಸೇರಿದ್ದು. ಆಯೋಗ ಶಿಫಾರಸು ಮಾಡಲಿ ಎಂಬ ಕೋರಿಕೆ. ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಮೂಲವ್ಯಾಧಿ. ಬಸ್ ನಿಲ್ದಾಣದ ಗೋಡೆಯ ಮೇಲೆ ಆಪರೇಷನ್ ಇಲ್ಲದೆ ಗುಣ ಎಂಬ ಬರಹ, ಕೆಳಗೆ ಮೊಬೈಲ್ ನಂಬರು. ನಾಚಿಕೆಯಿಂದ ಹೆಂಡತಿಗೂ ಹೇಳದೆ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಪುಡಿ ನುಂಗಿ, ರಕ್ತಹೀನತೆಯಿಂದ ಕುಸಿದ ಮೇಲೆ ದೊಡ್ಡಾಸ್ಪತ್ರೆ ಸೇರಿದವರನ್ನು ನಾವು ಕಂಡಿದ್ದೇವೆ. ಸರ್ಕಾರದ ಸಾಮೂಹಿಕ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ದೊಡ್ಡಕರುಳಿನದು ಇಲ್ಲ. ಹಳ್ಳಿ ಹಳ್ಳಿಗೆ ಕೊಲೊನೊಸ್ಕೋಪಿ ತನ್ನಿ ಎಂದು ಕೇಳುವಷ್ಟು ಅವಿವೇಕಿಗಳು ನಾವಲ್ಲ. ರಕ್ತ ಬೀಳುವುದು, ಮಲವಿಸರ್ಜನೆಯ ರೂಢಿ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕೆಲವು ವಾರ ಮುಂದುವರಿದರೆ ವೈದ್ಯರನ್ನು ಕಾಣಬೇಕೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಲಿ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಸರಳ ಪರೀಕ್ಷೆಯನ್ನು ಒಂದೆರಡು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಶುರುಮಾಡಲಿ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿರುವ ಕಿದ್ವಾಯಿ ಸಂಸ್ಥೆಯ ತಜ್ಞರ ಸಲಹೆ ಪಡೆದರೆ ಎಲ್ಲಿಂದ ಆರಂಭಿಸಬೇಕು ಎಂಬುದು ತಿಳಿಯುತ್ತದೆ.

ಬೆಳೆಗಾರರ ಮಾತು ಚುಟುಕಾಗಿ: 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಖರೀದಿ ಕೇಂದ್ರ ಕೊಯ್ಲಿನ ಹೊತ್ತಿಗೆ ತೆರೆಯಲಿ, ಹಣ ಬೇಗ ಖಾತೆಗೆ ಬರಲಿ, ಜಿಲ್ಲೆಯಲ್ಲಿ ಖರೀದಿಸಿದ ರಾಗಿ ಮೊದಲು ಅದೇ ಜಿಲ್ಲೆಯ ಶಾಲೆ ಮತ್ತು ನ್ಯಾಯಬೆಲೆ ಅಂಗಡಿಗಳಿಗೆ ಹೋಗಲಿ.

ಕಲಂ 16ರ ಅಡಿ ಆಯೋಗಕ್ಕೆ ಯೋಜನೆಗಳ ಮೇಲ್ವಿಚಾರಣೆ, ವಿಚಾರಣೆ ಮತ್ತು ಸರ್ಕಾರಕ್ಕೆ ಸಲಹೆ ನೀಡುವ ಅಧಿಕಾರವಿದೆ. ಈ ಮನವಿಯ ಮೇಲೆ ತುಮಕೂರಿನಲ್ಲಿಯೇ ಒಂದು ಬಹಿರಂಗ ಅಹವಾಲು ಸಭೆ ನಡೆಸಿ, ಆಹಾರ, ಶಿಕ್ಷಣ, ಆರೋಗ್ಯ, ಕೃಷಿ ಇಲಾಖೆಗಳ ಅಧಿಕಾರಿಗಳನ್ನು ಒಟ್ಟಿಗೆ ಕರೆಸಬೇಕೆಂದು ಕೋರುತ್ತೇವೆ. ಸಭೆ ಬೆಳಗಿನ ಹೊತ್ತು ಬೇಡ, ಮಧ್ಯಾಹ್ನ 3 ಗಂಟೆಯ ನಂತರ ಇರಲಿ. ಅಷ್ಟರೊಳಗೆ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಅಡುಗೆಯವರೂ ಬರಬಹುದು.



ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆಗಳನ್ನು ಲಗತ್ತಿಸಿದೆ)

ಪ್ರತಿ: ಜಿಲ್ಲಾಧಿಕಾರಿಗಳು, ತುಮಕೂರು; ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ತುಮಕೂರು.